ಸರಳಬಡ್ಡಿಯ ಪಾಠ

ಕಳೆದ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ, ಏಳನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳು ಗಣಿತದ ಪುಸ್ತಕ ಹಿಡಿದು ಬಳಿಗೆ ಬಂದಳು. ಅಸಲು, ದರ, ಅವಧಿ ಈ ಮೂರನ್ನೂ ಗುಣಿಸಿ ನೂರರಿಂದ ಭಾಗಿಸುವ ಸರಳಬಡ್ಡಿಯ ಲೆಕ್ಕ. ಮನೆಯ ಉಳಿತಾಯ ಖಾತೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಲೆಕ್ಕ ಮಾಡಿ ತರುವಂತೆ ಗುರುಗಳು ಹೇಳಿದ್ದರು. ನಾನು ಪಾಸ್‌ಬುಕ್ಕನ್ನು ಅವಳ ಕೈಗೆ ಕೊಟ್ಟೆ. ಅಸಲು ಸಿಕ್ಕಿತು: 1,80,000 ರೂಪಾಯಿ. ಅವಧಿ ಒಂದು ವರ್ಷ. "ಅಪ್ಪಾ, ದರ ಎಷ್ಟೈತಿ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಹಣ ಅವಳದೇ. ಬಾಗಲಕೋಟೆ ಜಿಲ್ಲೆಯಿಂದ ವಾಸ್ಕೊಗೆ ಬಂದು, ವೆರ್ನಾ ಕೈಗಾರಿಕಾ ವಸಾಹತಿನಲ್ಲಿ ಕೆಲಸಕ್ಕೆ ನಿಂತ ಮೇಲೆ, ತಿಂಗಳಿಗೆ ಐದುನೂರು, ಸಾವಿರ ಎಂದು ಕೂಡಿಟ್ಟದ್ದು. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಮೇಲೆ ಅವಳ ಮುಂದಿನ ಓದು ನಿಲ್ಲಬಾರದು ಎಂಬುದೊಂದೇ ಉದ್ದೇಶ. ನನ್ನ ಓದು ಹತ್ತಕ್ಕೇ ನಿಂತಿತ್ತು. ಅವಳ ತಾಯಿಯದು ಅದಕ್ಕೂ ಮೊದಲೇ.

ಇಷ್ಟು ಜತನದಿಂದ ಕೂಡಿಟ್ಟವನು ದರವನ್ನು ಏಕೆ ಕೇಳಲಿಲ್ಲ? ನನ್ನ ತಂದೆಯವರ ಕಾಲದಲ್ಲಿ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಸಂಗ್ರಾಹಕರು ಪ್ರತಿ ಸಂಜೆ ಅಂಗಡಿಗೇ ಬಂದು ಹಣ ಪಡೆದು ರಸೀದಿ ಕೊಡುತ್ತಿದ್ದರು. ಉಡುಪಿಯ ಆ ಬ್ಯಾಂಕು 1928ರಲ್ಲಿ ಆರಂಭಿಸಿದ ಯೋಜನೆ ಅದು. ಬಡ್ಡಿಯೆಷ್ಟು ಎಂದು ತಂದೆಯವರು ಕೇಳಿದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿದ್ದರೆ ಖರ್ಚಾಗುವ ಹಣ ಅಲ್ಲಿ ಉಳಿಯಿತಲ್ಲ, ಅಷ್ಟೇ ಅವರಿಗೆ ಸಾಕಾಗಿತ್ತು. ನಾನೂ ಅದೇ ಅಭ್ಯಾಸದಲ್ಲಿ ಬೆಳೆದೆ. ವಾಸ್ಕೊದಲ್ಲಿ ನಾನು ಖಾತೆ ತೆರೆದ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಕಾರವಾರದ ಕಡೆಯ ಗುಮಾಸ್ತರೊಬ್ಬರಿದ್ದರು. ಇಂಗ್ಲಿಷ್ ಅರ್ಜಿಯ ಮುಂದೆ ತಡವರಿಸುತ್ತಿದ್ದ ನನ್ನನ್ನು ಕಂಡು, ಕನ್ನಡದಲ್ಲಿ ಮಾತನಾಡಿಸಿ, ತಾವೇ ಅರ್ಜಿ ತುಂಬಿಕೊಟ್ಟರು. ಅವರು ವರ್ಗವಾಗಿ ಹೋಗಿ ಎಷ್ಟೋ ವರ್ಷಗಳಾದವು. ಆ ಋಣಕ್ಕಾಗಿ ನಾನು ಅಲ್ಲಿಯೇ ಉಳಿದಿದ್ದೆ. ತಂದೆಯವರ ಸಿಂಡಿಕೇಟ್ ಬ್ಯಾಂಕು ಕೂಡ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಮರುದಿನ ಬ್ಯಾಂಕಿಗೆ ಹೋಗಿ ದರ ಕೇಳಿದೆ. ಶೇಕಡ 2.5. ಮಗಳು ಲೆಕ್ಕ ಮಾಡಿದಳು: ವರ್ಷಕ್ಕೆ 4,500 ರೂಪಾಯಿ. ನಾನು ಖಾತೆ ತೆರೆದಾಗ ಹೀಗಿರಲಿಲ್ಲ. ಮೊದಲು ಉಳಿತಾಯ ಖಾತೆಯ ದರವನ್ನು ರಿಸರ್ವ್ ಬ್ಯಾಂಕೇ ಗೊತ್ತುಮಾಡುತ್ತಿತ್ತು. 2011ರ ಮೇ ತಿಂಗಳಲ್ಲಿ ಅದು ಶೇಕಡ 4 ಆಯಿತು. ಅದೇ ವರ್ಷದ ಅಕ್ಟೋಬರ್ 25ರಿಂದ ದರ ಗೊತ್ತುಮಾಡುವ ಅಧಿಕಾರವನ್ನು ಆಯಾ ಬ್ಯಾಂಕುಗಳಿಗೇ ಬಿಡಲಾಯಿತು. ದೇಶದ ಅತಿ ದೊಡ್ಡ ಬ್ಯಾಂಕಾದ ಸ್ಟೇಟ್ ಬ್ಯಾಂಕು 2017ರಲ್ಲಿ ಅದನ್ನು 3.5ಕ್ಕೆ, 2020ರಲ್ಲಿ 2.7ಕ್ಕೆ, 2025ರ ಜೂನ್‌ನಲ್ಲಿ 2.5ಕ್ಕೆ ಇಳಿಸಿತು. ಉಳಿದ ಅನೇಕ ಬ್ಯಾಂಕುಗಳೂ ಇದೇ ದಾರಿ ಹಿಡಿದವು. ಹಳೆಯ ಶೇಕಡ 4 ಇದ್ದಿದ್ದರೆ ನಮಗೆ 7,200 ರೂಪಾಯಿ ಬರುತ್ತಿತ್ತು. ನನ್ನಿಂದ ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ, ನಾನೇ ಕೇಳಿರಲಿಲ್ಲ.

ಆಗ ಖಾತೆಯನ್ನೇ ಬದಲಿಸುವ ಹಟ ಬಂದಿತು. ಪೇಟೆಯಲ್ಲಿ ಒಂದು ಖಾಸಗಿ ಬ್ಯಾಂಕಿನ ಮುಂದೆ "ಉಳಿತಾಯ ಖಾತೆಗೆ ಶೇಕಡ 7ರವರೆಗೆ" ಎಂಬ ಫಲಕವಿತ್ತು. ಒಳಗೆ ಕೂರಿಸಿ ಚಹಾ ಕೊಟ್ಟರು. ಮನೆಗೆ ಬಂದು ಹೇಳಿದಾಗ ಮಗಳು 12,600 ಎಂದು ಬರೆದುಬಿಟ್ಟಳು. ಆದರೆ ಅವರು ಕೊಟ್ಟ ಹಾಳೆಯನ್ನು ಇಬ್ಬರೂ ಕುಳಿತು ಓದಿದಾಗ, ಆ 7 ಐದು ಲಕ್ಷಕ್ಕೆ ಮೇಲ್ಪಟ್ಟ ಮೊತ್ತಕ್ಕೆ ಮಾತ್ರ ಎಂದು ತಿಳಿಯಿತು. ಮೊದಲ ಒಂದು ಲಕ್ಷಕ್ಕೆ ಶೇಕಡ 3, ಅದರ ಮೇಲಿನದಕ್ಕೆ ಶೇಕಡ 5. ಒಂದು ಲಕ್ಷದವರೆಗೆ ಎಲ್ಲ ಗ್ರಾಹಕರಿಗೂ ಒಂದೇ ದರವಿರಬೇಕು, ಅದಕ್ಕೂ ಮೇಲೆ ಮೊತ್ತಕ್ಕೆ ತಕ್ಕಂತೆ ಬೇರೆ ದರ ಕೊಡಬಹುದು ಎಂಬುದು 2011ರ ಆ ನಿಯಮದಲ್ಲೇ ಇದೆ. ಮಗಳು ಮತ್ತೆ ಲೆಕ್ಕ ಮಾಡಿದಳು: ಲಕ್ಷಕ್ಕೆ 3,000, ಎಂಬತ್ತು ಸಾವಿರಕ್ಕೆ 4,000, ಒಟ್ಟು 7,000. ಅದರ ಮೇಲೆ ಖಾತೆಯಲ್ಲಿ ಕನಿಷ್ಠ ಹತ್ತು ಸಾವಿರ ಇರದಿದ್ದರೆ ದಂಡ. 'ವರೆಗೆ' ಎಂಬ ಒಂದು ಪದವನ್ನು ನಾನು ಓದದೆ ಬಿಟ್ಟಿದ್ದೆ.

ಅಂಚೆ ಕಚೇರಿಯ ಉಳಿತಾಯ ಖಾತೆಗೆ ಯಾವ ಫಲಕವೂ ಇಲ್ಲದೆ 2011ರ ಡಿಸೆಂಬರ್‌ನಿಂದಲೂ ಶೇಕಡ 4 ಇದೆ. ಐದುನೂರು ರೂಪಾಯಿ ಶಿಲ್ಕಿದ್ದರೆ ಸಾಕು. ಒಂದು ವ್ಯತ್ಯಾಸ ಮಾತ್ರ ನೆನಪಿಡಬೇಕು. ಬ್ಯಾಂಕುಗಳು 2010ರ ಏಪ್ರಿಲ್‌ನಿಂದ ಪ್ರತಿದಿನದ ಶಿಲ್ಕಿನ ಮೇಲೆ ಬಡ್ಡಿ ಲೆಕ್ಕ ಹಾಕುತ್ತವೆ. ಅಂಚೆಯಲ್ಲಿ ತಿಂಗಳ 10ನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಶಿಲ್ಕಿಗೆ ಮಾತ್ರ ಬಡ್ಡಿ. 12ರಂದು ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿಯಿಲ್ಲ. ಸಂಬಳ ಬಂದ ಕೂಡಲೇ, 10ರೊಳಗೆ ಕಟ್ಟಬೇಕು.

ಇದನ್ನೆಲ್ಲ ಕಾರ್ಖಾನೆಯಲ್ಲಿ ಹೇಳಿದಾಗ, ಇನ್ನೂ ಹೆಚ್ಚು ಬಡ್ಡಿ ಕೊಡುವ ಪತ್ತಿನ ಸಂಘವೊಂದರ ಹೆಸರನ್ನು ಗೆಳೆಯರು ಸೂಚಿಸಿದರು. ಅಲ್ಲಿ ನಾನು ಹಿಂಜರಿದೆ. ಗೋವೆಯಲ್ಲಿರುವ ನಾವು ಎರಡು ಸಂಗತಿಗಳನ್ನು ಮರೆಯುವಂತಿಲ್ಲ. ಮಾಪ್ಸಾ ಅರ್ಬನ್ ಸಹಕಾರಿ ಬ್ಯಾಂಕಿನ ಪರವಾನಗಿಯನ್ನು 2020ರ ಏಪ್ರಿಲ್‌ನಲ್ಲಿ, ಮಡಗಾಂವ ಅರ್ಬನ್ ಸಹಕಾರಿ ಬ್ಯಾಂಕಿನ ಪರವಾನಗಿಯನ್ನು 2021ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ರದ್ದುಪಡಿಸಿತು. ಅದಕ್ಕೂ ಮೊದಲೇ ಅಲ್ಲಿಂದ ಹಣ ತೆಗೆಯುವುದಕ್ಕೆ ಮಿತಿ ಬಿದ್ದಿತ್ತು. ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ಐದು ಲಕ್ಷದವರೆಗೆ ಸಿಗುತ್ತದೆ. 2020ರ ಫೆಬ್ರವರಿ 4ಕ್ಕೆ ಮೊದಲು ಈ ಮಿತಿ ಒಂದೇ ಲಕ್ಷವಿತ್ತು. ಆದರೆ ಈ ವಿಮೆ ಇರುವುದು ಬ್ಯಾಂಕುಗಳಿಗೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಅದು ಅನ್ವಯಿಸುವುದಿಲ್ಲ. ಸಂಘಗಳೆಲ್ಲ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಊರಿನಲ್ಲಿ ಸಂಘದ ಸಾಲದಿಂದಲೇ ನಮ್ಮ ಹೊಲದಲ್ಲಿ ಬಿತ್ತನೆಯಾಗಿದೆ. ಆದರೆ ಮಗಳ ಓದಿನ ಹಣವನ್ನು ವಿಮೆಯಿಲ್ಲದ ಕಡೆ ಇಡುವ ಧೈರ್ಯ ನನಗಾಗಲಿಲ್ಲ.

ಹಳೆಯ ಖಾತೆಯನ್ನು ಮುಚ್ಚಿಬಿಡುವೆನೆಂದಾಗ ಮನೆಯವಳು ತಡೆದಳು. "ಅದನ್ನ ಮುಚ್ಚಬ್ಯಾಡ್ರಿ. ಪಗಾರ ಅದಕ್ಕ ಬರತೈತಿ, ಗ್ಯಾಸಿನ ರೊಕ್ಕಾನೂ ಅದಕ್ಕ ಬರತೈತಿ" ಎಂದಳು. ಅವಳ ಮಾತು ಸರಿಯಾಗಿತ್ತು. ಸರ್ಕಾರದ ನೇರ ಹಣ ಬರುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಹೊಸ ಖಾತೆಯ ಅರ್ಜಿಯಲ್ಲಿ ಅದಕ್ಕೆ ಒಪ್ಪಿಗೆ ಕೇಳುವ ಅಂಕಣವಿದ್ದು, ಓದದೆ ಗುರುತು ಹಾಕಿದರೆ ಸಹಾಯಧನ, ವಿದ್ಯಾರ್ಥಿವೇತನಗಳು ನಾವು ನೋಡದ ಪಾಸ್‌ಬುಕ್ಕಿಗೆ ಹೋಗಿ ಬೀಳುತ್ತವೆ.

ಕೊನೆಗೆ ನಾವು ಮಾಡಿದ್ದು ಇಷ್ಟು. ಮೂವತ್ತು ಸಾವಿರವನ್ನು ಹಳೆಯ ಖಾತೆಯಲ್ಲೇ ಕೈಖರ್ಚಿಗೆ, ಕಾಯಿಲೆ ಕಸಾಲೆಗೆ ಬಿಟ್ಟೆವು. ಐವತ್ತು ಸಾವಿರವನ್ನು ಅಂಚೆಗೆ ಒಯ್ದೆವು. ಒಂದು ಲಕ್ಷವನ್ನು ಅದೇ ಹಳೆಯ ಬ್ಯಾಂಕಿನಲ್ಲಿ ಒಂದು ವರ್ಷದ ನಿಶ್ಚಿತ ಠೇವಣಿಗೆ ಹಾಕಿದೆವು. ನಡುವೆ ಮುರಿಸಿದರೆ ಬಡ್ಡಿ ಸ್ವಲ್ಪ ಕಡಿಮೆಯಾಗುತ್ತದೆ, ಅಸಲು ಎಲ್ಲಿಗೂ ಹೋಗುವುದಿಲ್ಲ. ಠೇವಣಿಗೆ ಶೇಕಡ 6ರಂತೆ ಹಿಡಿದು ಮಗಳು ಕೂಡಿಸಿದಳು: 750, 2,000, 6,000. ಒಟ್ಟು 8,750. ಮೊದಲಿನ 4,500ಕ್ಕಿಂತ 4,250 ಹೆಚ್ಚು.

ದೊಡ್ಡ ಮೊತ್ತವೇನಲ್ಲ. ಆದರೆ ಅವಳ ಒಂದು ವರ್ಷದ ನೋಟುಪುಸ್ತಕ, ಸಮವಸ್ತ್ರ, ಮಳೆಗಾಲದ ರೇನ್‌ಕೋಟು ಇವಿಷ್ಟೂ ಅದರಲ್ಲಿ ಆಗುತ್ತವೆ. ಇಷ್ಟು ವರ್ಷ ಆ ಹಣವನ್ನು ನಾನು ಕೇಳದೆ ಬಿಟ್ಟಿದ್ದೆ ಎಂಬ ನೋವು ಇದ್ದೇ ಇದೆ. ಖಾತೆ ಬದಲಿಸುವುದು ಎಂದರೆ ಬ್ಯಾಂಕನ್ನೇ ಬದಲಿಸಬೇಕೆಂದು ಭಾವಿಸಿದ್ದೆ. ಹಣದ ಹೆಚ್ಚಿನ ಭಾಗ ಅದೇ ಕಟ್ಟಡದಲ್ಲಿ, ಬೇರೆ ಅರ್ಜಿಯ ಮೇಲೆ ಕುಳಿತಿದೆ. ಈ ಬಾರಿ ಆ ಅರ್ಜಿಯನ್ನು ಮಗಳು ಓದಿ ಹೇಳಿದಳು, ನಾನೇ ತುಂಬಿದೆ.

ಠೇವಣಿಯ ಅವಧಿ ಮುಗಿಯುವ ದಿನವನ್ನು ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದಾಳೆ. ಅಂದು ದರ ಎಷ್ಟಿದೆಯೆಂದು ಮತ್ತೆ ಕೇಳಬೇಕು.