ಹಸಿರು ತಂತಿಯ ಪಾಠ

ಪ್ರೌಢಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಬೋಧಿಸಿದವನು ನಾನು. ವಿದ್ಯುತ್ತಿನ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಅಂಥ ನನಗೆ ನಿವೃತ್ತಿಯ ನಂತರ ಬೆರಳುದ್ದದ ತಂತಿಯೊಂದು ಕಲಿಸಿದ ಪಾಠವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಓದಿ ನಗಬಹುದು. ಅದಕ್ಕೆ ಅವರಿಗೆ ಹಕ್ಕಿದೆ.

2006ರ ಬೇಸಿಗೆ. ಒಂದು ಸಂಜೆ ನಮ್ಮ ಮನೆಯ ಕಂಪ್ಯೂಟರು ಗುಂಡಿ ಒತ್ತಿದರೂ ಮಿಸುಕಲಿಲ್ಲ. ದೋಷವಿರುವ ಭಾಗವನ್ನು ಬೇರ್ಪಡಿಸಿ ಪರೀಕ್ಷಿಸಬೇಕೆಂದು ಮಕ್ಕಳಿಗೆ ಹೇಳುತ್ತಿದ್ದವನಲ್ಲವೇ? ಕ್ಯಾಬಿನೆಟ್ಟಿನಿಂದ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯನ್ನು ಬಿಚ್ಚಿ ತೆಗೆದು, ಗೋಡೆಯ ಪ್ಲಗ್ಗಿಗೆ ನೇರವಾಗಿ ಜೋಡಿಸಿದೆ. ಅದರ ಫ್ಯಾನು ತಿರುಗಲಿಲ್ಲ. ಸತ್ತಿದೆ ಎಂದು ತೀರ್ಪು ಕೊಟ್ಟೆ. ಮರುದಿನ ಅದು ಹಳೆಯ ಪತ್ರಿಕೆಗಳ ಜೊತೆ ಗುಜರಿಯವನ ಗಾಡಿ ಏರಿತು.

ಹೊಸದೊಂದನ್ನು ತಂದು, ಒಳಗೆ ಕೂರಿಸುವ ಮೊದಲು ಅದೇ ರೀತಿ ಪರೀಕ್ಷಿಸಿದೆ. ಅದೂ ತಿರುಗಲಿಲ್ಲ! ಅಂಗಡಿಗೆ ಹೋಗಿ ದನಿಯೇರಿಸಿ ಮಾತನಾಡಿ ಇನ್ನೊಂದನ್ನು ತಂದೆ. ಅದರ ಗತಿಯೂ ಅಷ್ಟೇ. ಮೂರನೆಯದೂ ಸತ್ತಾಗ ಸಂಶಯವು ಪೆಟ್ಟಿಗೆಯನ್ನು ಬಿಟ್ಟು ಪರೀಕ್ಷಕನ ಕಡೆಗೆ ತಿರುಗಬೇಕಿತ್ತು. ತಿರುಗಲಿಲ್ಲ.

ಆ ವಾರವೇ ಹಳೆಯ ವಿದ್ಯಾರ್ಥಿಯೊಬ್ಬ ಗೃಹಪ್ರವೇಶದ ಕರೆಯೋಲೆ ಹಿಡಿದು ಬಂದ. ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿ ರೇಡಿಯೋ, ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ನೋಡಿ, ನನ್ನ ಕಥೆಯನ್ನು ಕೇಳಿ, ಮೆಲ್ಲಗೆ ಅಂದ: "ಸಾರ್, ಇದು ಹೇಳದೆ ಏಳೋದಿಲ್ಲ."

ಮೊದಲು ಪ್ಲಗ್ಗನ್ನು ಕಿತ್ತ. ಮದರ್‌ಬೋರ್ಡಿಗೆ ಸೇರುವ ಅಗಲವಾದ ಕನೆಕ್ಟರಿನಲ್ಲಿ ಒಂದೇ ಒಂದು ಹಸಿರು ತಂತಿಯಿತ್ತು. ಅದರ ಎರಡೂ ಪಕ್ಕದಲ್ಲಿ ಕಪ್ಪು ತಂತಿಗಳು. ತಂತಿಯ ತುಂಡೊಂದರ ಎರಡು ತುದಿಗಳನ್ನು ಹೆರೆದು, ಬಗ್ಗಿಸಿ, ಒಂದನ್ನು ಹಸಿರಿನ ರಂಧ್ರಕ್ಕೂ ಇನ್ನೊಂದನ್ನು ಕಪ್ಪಿನ ರಂಧ್ರಕ್ಕೂ ಸಿಕ್ಕಿಸಿದ. ಆಮೇಲೆ ಪ್ಲಗ್ ಹಾಕಿ ಸ್ವಿಚ್ ಒತ್ತಿದ. ಫ್ಯಾನು ಗಿರ್ರನೆ ತಿರುಗಿತು. ನಾನು ಮೂಕನಾದೆ.

ವಿಷಯವಿಷ್ಟೆ. ಹಿಂದಿನ ಎಟಿ ಮಾದರಿಯ ಕಂಪ್ಯೂಟರುಗಳಲ್ಲಿ ಮುಂಭಾಗದ ಸ್ವಿಚ್ಚು ಗೋಡೆಯಿಂದ ಬರುವ ವಿದ್ಯುತ್ತನ್ನೇ ಹರಿಸುತ್ತಿತ್ತು, ತಡೆಯುತ್ತಿತ್ತು. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಮಾದರಿಯಲ್ಲಿ ಹಾಗಲ್ಲ. ಪ್ಲಗ್ ಹಾಕಿದೊಡನೆ ನೇರಳೆ ತಂತಿಯೊಂದರಲ್ಲಿ ಮಾತ್ರ 5 ವೋಲ್ಟ್ ಸದಾ ಎಚ್ಚರವಾಗಿರುತ್ತದೆ. ನಾವು ಗುಂಡಿ ಒತ್ತಿದಾಗ ಮದರ್‌ಬೋರ್ಡು ಹಸಿರು ತಂತಿಯನ್ನು ಸೊನ್ನೆ ವೋಲ್ಟಿಗೆ, ಅಂದರೆ ಕಪ್ಪು ತಂತಿಯ ಮಟ್ಟಕ್ಕೆ, ಇಳಿಸುತ್ತದೆ. ಆಗ ಹಳದಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಬರುತ್ತದೆ. ಹಸಿರಿನಲ್ಲಿ ವೋಲ್ಟೇಜು ಇದ್ದರೆ ನಿದ್ರೆ, ಇಲ್ಲದಿದ್ದರೆ ಕೆಲಸ! ತಂತಿ ತುಂಡಾದರೂ ಪೆಟ್ಟಿಗೆ ತಾನಾಗಿ ಏಳುವುದಿಲ್ಲ ಎಂಬುದು ಈ ತಿರುಗುಮುರುಗು ಏರ್ಪಾಡಿನ ಒಂದು ಅನುಕೂಲ. ನಾನು ಕರೆಯದೆ ಕಾದು, ಬರಲಿಲ್ಲವೆಂದು ಮೂರು ಪೆಟ್ಟಿಗೆಗಳಿಗೆ ಮರಣಪತ್ರ ಬರೆದಿದ್ದೆ.

ನಿಜವಾದ ದೋಷ ಎಲ್ಲಿತ್ತು? ಅದನ್ನೂ ಅವನೇ ಹುಡುಕಿದ. ಕ್ಯಾಬಿನೆಟ್ಟಿನ ಮುಂಭಾಗದ ಗುಂಡಿಯೇ ಕೆಟ್ಟಿತ್ತು. ಗುಜರಿಗೆ ಹೋದ ಪೆಟ್ಟಿಗೆ ನಿರಪರಾಧಿ.

ಕಾಫಿ ಕುಡಿಯುವಾಗ ನಾನು ಅಂದೆ: "ಇಷ್ಟು ಗೊತ್ತಿದ್ದವನು ತರಗತಿಯಲ್ಲಿ ಯಾಕೋ ಬಾಯಿ ಬಿಡುತ್ತಿರಲಿಲ್ಲ?" ಅವನು ನಕ್ಕ. "ಗೊತ್ತಿರಲಿಲ್ಲ ಅಂತ ಅಲ್ಲ ಸಾರ್. ಎದ್ದು ನಿಂತು ಪುಸ್ತಕದ ಮಾತಲ್ಲಿ ಹೇಳೋಕೆ ಬರ್ತಿರಲಿಲ್ಲ."

ಆಗ ನೆನಪಾಯಿತು. ಹತ್ತನೆಯ ತರಗತಿಯಲ್ಲಿ ಓಮನ ನಿಯಮವನ್ನು ಹೇಳೆಂದಾಗ ತಲೆ ತಗ್ಗಿಸಿ ನಿಂತಿದ್ದವನು ಇವನು. ಕೊನೆಯ ಬೆಂಚಿಗೆ ಕಳುಹಿಸಿದ್ದೆ. ಪ್ರಗತಿಪತ್ರದಲ್ಲಿ "ಆಸಕ್ತಿಯಿಲ್ಲ" ಎಂದು ನನ್ನ ಕೈಯಾರೆ ಬರೆದಿದ್ದೆ. ಅದೇ ವರ್ಷ ಶಾಲೆಯ ವಿದ್ಯುತ್ ಗಂಟೆ ಕೆಟ್ಟಾಗ ಜವಾನನ ಜೊತೆ ಕುಳಿತು ಸರಿಪಡಿಸಿದವನೂ ಇವನೇ. ಅದನ್ನು ನಾನು ತುಂಟತನದ ಲೆಕ್ಕಕ್ಕೆ ಸೇರಿಸಿದ್ದೆ. ಒಂದು ತಂತಿ, ಒಂದು ಬ್ಯಾಟರಿ ಕೈಗೆ ಕೊಟ್ಟು "ತೋರಿಸು" ಎಂದು ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಅವನು ಓದು ಬಿಟ್ಟ. ಅವನಿಗೆ ಈಗ ಅಂಗಡಿಯಿದೆ, ಸ್ವಂತ ಮನೆಯಾಯಿತು ಎಂಬುದರಿಂದ ನನ್ನ ಆ ಎರಡು ಪದಗಳು ಅಳಿಸಿಹೋಗುವುದಿಲ್ಲ. ಅಂದು ಅವನೆದುರು ಹಾಗೆಂದು ಹೇಳಲು ನನಗೆ ನಾಲಗೆ ಏಳಲಿಲ್ಲ. ಗೃಹಪ್ರವೇಶದ ದಿನ ಹೇಳಿದೆ. "ಬಿಡಿ ಸಾರ್, ಮೊದಲು ಊಟ ಮಾಡಿ" ಎಂದು ಕೈಹಿಡಿದು ಪಂಕ್ತಿಗೆ ಕರೆದೊಯ್ದ.

ಈ ಪರೀಕ್ಷೆಯನ್ನು ಮಾಡಬಯಸುವವರಿಗೆ ಮೇಷ್ಟ್ರ ಎಚ್ಚರಿಕೆ. ತಂತಿ ಸಿಕ್ಕಿಸುವಾಗ, ತೆಗೆಯುವಾಗ ಪ್ಲಗ್ಗು ಗೋಡೆಯಲ್ಲಿರಬಾರದು. ಪೆಟ್ಟಿಗೆಯನ್ನು ಎಂದೂ ಬಿಚ್ಚಬೇಡಿ. ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಕೆಲವು ಪೆಟ್ಟಿಗೆಗಳಲ್ಲಿ ಎಲ್ಲ ತಂತಿಗಳೂ ಕಪ್ಪಗಿರುತ್ತವೆ; ಅಲ್ಲಿ ಊಹೆ ಬೇಡ, ಆ ಮಾದರಿಯ ನಕ್ಷೆಯನ್ನು ನೋಡಿಕೊಳ್ಳಿ. ಫ್ಯಾನು ತಿರುಗಿದ ಮಾತ್ರಕ್ಕೆ ಪೆಟ್ಟಿಗೆ ಆರೋಗ್ಯವಾಗಿದೆ ಎಂದೂ ಅಲ್ಲ. ಮಲ್ಟಿಮೀಟರಿನಲ್ಲಿ ಹಳದಿ ತಂತಿ 11.4ರಿಂದ 12.6ರ ಒಳಗೆ, ಕೆಂಪು 4.75ರಿಂದ 5.25ರ ಒಳಗೆ ಇರಬೇಕು. ತಿರುಗದಿದ್ದರೂ ಆತುರಪಡಬೇಡಿ. ಇತ್ತೀಚಿನ ಕೆಲವು ಪೆಟ್ಟಿಗೆಗಳ ಫ್ಯಾನು ಭಾರ ಹೆಚ್ಚಿ ಬಿಸಿಯಾಗುವವರೆಗೂ ಸುಮ್ಮನಿರುತ್ತದೆ. ಹಳೆಯ ಕೆಲವಕ್ಕೆ ಒಂದು ಹಳೆಯ ಹಾರ್ಡ್‌ಡಿಸ್ಕನ್ನಾದರೂ ಜೋಡಿಸಿ ಭಾರ ಕೊಟ್ಟರೆ ಮಾತ್ರ ಅದು ಚಾಲೂ ಆಗುತ್ತದೆ.

ಮೌನವಾಗಿರುವುದನ್ನು ಗುಜರಿಗೆ ಹಾಕುವ ಮೊದಲು, ಕರೆಯಬೇಕಾದ ರೀತಿಯಲ್ಲಿ ಕರೆದಿದ್ದೇನೆಯೇ ಎಂದು ಈಗ ಒಮ್ಮೆ ನನ್ನನ್ನೇ ಕೇಳಿಕೊಳ್ಳುತ್ತೇನೆ. ಇದನ್ನು ಓದುತ್ತಿರುವವರಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನವರು ಯಾರಾದರೂ ಇದ್ದರೆ, ಮನೆಗೆ ಬನ್ನಿ. ನಿಮ್ಮನ್ನೂ ಕೇಳಬೇಕಾದ್ದಿದೆ.