ತಿಂಗಳ ಬರಹ, ವರ್ಷದ ತಿದ್ದುಗೆ

ಆದಿಕವಿ ಪಂಪನು ಕ್ರಿ.ಶ. 941ರ ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿಯೂ ರಚಿಸಿದುದಾಗಿ ತಾನೇ ತಿಳಿಸಿದ್ದಾನೆ. ಈ ಸಂಗತಿಯನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆದರೆ ಪಂಪನಿಗಿಂತ ಸುಮಾರು ಒಂದು ಶತಮಾನ ಹಿಂದಿನ, ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ತನ್ನ ಮೊದಲ ಪರಿಚ್ಛೇದವನ್ನೇ ಕಾವ್ಯದ ದೋಷಾದೋಷಗಳ ವಿಚಾರಕ್ಕೆ ಮೀಸಲಿರಿಸಿದೆ ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಬೇಗ ಬರೆಯುವುದು ಒಂದು ಶಕ್ತಿ. ಬರೆದುದನ್ನು ಶೋಧಿಸುವುದು ಇನ್ನೊಂದು. ಮೊದಲನೆಯದು ಪ್ರತಿಭೆಗೆ ಸೇರಿದ್ದು. ಎರಡನೆಯದು ಧರ್ಮಕ್ಕೆ ಸೇರಿದ್ದೆಂಬುದು ಈಚೆಗೆ ನನಗೆ ಮನವರಿಕೆಯಾಗಿದೆ.

ಅಮೆರಿಕದಲ್ಲಿ 1999ರಲ್ಲಿ 21 ಮಂದಿ ಸೇರಿ, ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿಯ ಕರಡನ್ನು ಮುಗಿಸುವ ಪಂದ್ಯವೊಂದನ್ನು ಹೂಡಿದರು. ಅದು ಬೆಳೆದು ಲೋಕದ ಅನೇಕ ದೇಶಗಳಿಗೆ ಹಬ್ಬಿತು. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚಿತು. ಆ ಪದ್ಧತಿಯ ವಿಚಾರವನ್ನು ಕೇಳಿದ ನಾನು, ವೀರನಿರ್ವಾಣ ಸಂವತ್ಸರದ ಮೊದಲ ದಿನವಾದ ಕಾರ್ತಿಕ ಶುದ್ಧ ಪಾಡ್ಯದಂದು ಅಂಗಡಿಯ ಹೊಸ ಲೆಕ್ಕದ ಪುಸ್ತಕದ ಜೊತೆಗೆ ಒಂದು ಕಾದಂಬರಿಯನ್ನೂ ಆರಂಭಿಸಿದೆ. ಪ್ರಾತಃಕಾಲದ ಸಾಮಾಯಿಕದ ನಂತರ, ಅಂಗಡಿಗೆ ಹೊರಡುವ ಮುನ್ನ, ದಿನಕ್ಕೆ ಐದು ಪುಟ. ಅಮಾವಾಸ್ಯೆಯ ಹೊತ್ತಿಗೆ 150 ಪುಟಗಳಾದವು.

ಕಥೆ ನಮ್ಮ ಸೀಮೆಯದೇ. ಕಂಪ್ಲಿಯ ಕಡೆಯ ಒಬ್ಬ ರೈತ ಗದ್ದೆಯನ್ನು ಒತ್ತೆಯಿಟ್ಟು ಲಾರಿ ಕೊಳ್ಳುತ್ತಾನೆ. ಸಂಡೂರಿನ ಗಣಿಗಳಿಂದ ಅದಿರು ಸಾಗಿಸುತ್ತಾನೆ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಲಾರಿ ನಿಲ್ಲುತ್ತದೆ, ಸಾಲದ ಬಡ್ಡಿ ನಿಲ್ಲುವುದಿಲ್ಲ. ಹೊಸಪೇಟೆಯಲ್ಲಿ ಸಾಲ ಕೊಟ್ಟವನು ಖಾಲಿ ಕಾಗದದ ಮೇಲೆ ಮೊದಲೇ ರುಜು ಹಾಕಿಸಿಕೊಂಡಿರುತ್ತಾನೆ. ಈ ಲೇವಾದೇವಿಗಾರನ ಹಿಂದೆ ನಾನು ಬಲ್ಲ ಒಬ್ಬರ ಛಾಯೆಯಿದೆ. ಅವರು ನಮ್ಮ ಬಸದಿಗೂ ಬರುತ್ತಿದ್ದವರು, ಈಗಿಲ್ಲ. ಅವರ ಮಕ್ಕಳು ಪೇಟೆಯಲ್ಲಿ ಪ್ರಾಮಾಣಿಕವಾಗಿ ಬಾಳುತ್ತಿದ್ದಾರೆ. ಕರಡಿನಲ್ಲಿ ಎಲ್ಲಕ್ಕಿಂತ ಸಲೀಸಾಗಿ ಹರಿದು ಬಂದುದು ಆ ಅಧ್ಯಾಯವೇ.

ವಾಣಿಜ್ಯ ಪದವಿ ಪಡೆದು ನಾಲ್ಕು ದಶಕ ಲೆಕ್ಕ ಬರೆದವನಿಗೆ ಒಂದು ನಿಯಮ ರಕ್ತಗತವಾಗಿರುತ್ತದೆ: ಕಿರ್ದಿಯಲ್ಲಿ ಬರೆದುದನ್ನು ಅಳಿಸುವಂತಿಲ್ಲ. ತಪ್ಪು ಕಂಡರೆ ಹೊಸ ನಮೂದಿನಿಂದ ಸರಿಪಡಿಸಬೇಕು. ಹಳೆಯದೂ ಕಣ್ಣಿಗೆ ಕಾಣುತ್ತಿರಬೇಕು. ಕಾದಂಬರಿಯಲ್ಲಿ ಹಾಗಲ್ಲ. ಹೊಡೆದುಹಾಕಿದ ಸಾಲನ್ನು ಓದುಗನು ಎಂದಿಗೂ ಕಾಣನು. ಇಲ್ಲಿ ಲೆಕ್ಕ ಬರೆಯುವವನೂ ಪರಿಶೋಧಿಸುವವನೂ ಒಬ್ಬನೇ. ಆದ್ದರಿಂದ ತನಗೆ ಅನುಕೂಲವಾದುದನ್ನು ಉಳಿಸಿ, ಅನನುಕೂಲವಾದುದನ್ನು ಅಳಿಸುವ ಪ್ರಲೋಭನೆಗೆ ಕಾವಲಿಲ್ಲ. ಆ ಕಾವಲನ್ನು ನಾನು ಪ್ರತಿಕ್ರಮಣದ ಕ್ರಮದಲ್ಲಿ ಹುಡುಕಿದೆ.

ಪ್ರತಿಕ್ರಮಣವೆಂದರೆ ನಡೆದ ದಾರಿಯಲ್ಲಿ ಹಿಂದಿರುಗಿ ನೋಡುವುದು. ಅದಕ್ಕೆ ದಿನ, ಪಕ್ಷ, ಚಾತುರ್ಮಾಸ, ಸಂವತ್ಸರಗಳೆಂಬ ಅವಧಿಗಳಿವೆ. ಹೊತ್ತು ಕಳೆದಷ್ಟೂ ಕಣ್ಣು ತಿಳಿಯಾಗುತ್ತದೆಂಬ ಅನುಭವ ಈ ವ್ಯವಸ್ಥೆಯಲ್ಲಿದೆ. ಅದರಂತೆ ಕರಡನ್ನು ಕಟ್ಟಿಟ್ಟು, ಹದಿನೈದು ದಿನಗಳ ನಂತರ ಮೊದಲ ಸಲ ಓದಿದೆ. ಆಗ ನೋಡಿದುದು ಸಂಗತಿಗಳನ್ನು ಮಾತ್ರ: ಕಾಲುವೆಗೆ ನೀರು ಬಿಡುವ ಕಾಲ, ಲಾರಿಯ ಕಂತು, ತೀರ್ಪಿನ ದಿನಾಂಕ. ಇದು ತಾಳೆ ಹಾಕುವ ಕೆಲಸ, ವ್ಯಾಪಾರಿಗೆ ಕಷ್ಟವಲ್ಲ.

ನಾಲ್ಕು ತಿಂಗಳ ಬಳಿಕ ಮಾತುಗಳನ್ನು ನೋಡಿದೆ. ಆ ದಿನಗಳಲ್ಲಿ ಕಮಲಾಪುರದ ಬಳಿಯ ಗಾಣಿಗಿತ್ತಿ ಜಿನಾಲಯಕ್ಕೆ ಹೋಗಿ ಕುಳಿತುಕೊಳ್ಳುತ್ತಿದ್ದೆ. ಹಂಪಿಗೆ ಬರುವವರಲ್ಲಿ ಅನೇಕರು ಅದನ್ನು ದೂರದಿಂದಲೇ ನೋಡಿ ಮುಂದೆ ಸಾಗುತ್ತಾರೆ. ಕುಂಥುನಾಥ ಸ್ವಾಮಿಯ ಆ ಚೈತ್ಯಾಲಯವನ್ನು 1385ರಲ್ಲಿ ಕಟ್ಟಿಸಿದವನು ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ. ಅವನೇ ನಾನಾರ್ಥರತ್ನಮಾಲಾ ಎಂಬ ಸಂಸ್ಕೃತ ನಿಘಂಟಿನ ಕರ್ತೃವೂ ಹೌದು. ಸೇನೆಯನ್ನು ನಡೆಸುತ್ತಿದ್ದವನು ಒಂದೊಂದು ಶಬ್ದಕ್ಕೆ ಎಷ್ಟು ಅರ್ಥಗಳಿವೆಯೆಂದು ತೂಗಿದನಲ್ಲ! ದೇಗುಲದ ಎದುರಿನ ದೀಪಸ್ತಂಭದ ಮೇಲೆ ಶಾಸನವಿದೆ. ಕಲ್ಲಿನಲ್ಲಿ ಕೆತ್ತುವವನಿಗೆ ತಿದ್ದುವ ಅವಕಾಶ ಕಡಿಮೆ. ಅವನು ಉಳಿಯೆತ್ತುವ ಮೊದಲೇ ತಿದ್ದಿಕೊಂಡಿರಬೇಕು. ಕಾಗದದವನಿಗೆ ಅವಕಾಶ ಹೆಚ್ಚು. ಆದ್ದರಿಂದ ಹೊಣೆಯೂ ಹೆಚ್ಚು.

ಮೂರನೆಯ ಓದು ಮರುವರ್ಷದ ಕಾರ್ತಿಕದಲ್ಲಿ. ಅದು ಭಾವದ ಪರಿಶೋಧನೆ. ಲೇವಾದೇವಿಗಾರನ ಅಧ್ಯಾಯ ಮತ್ತೆ ಎದುರು ನಿಂತಿತು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ಪ್ರಾಣಿಗಳಿಗೆ ಪೀಡೆಯುಂಟುಮಾಡುವ ಮಾತು ನಡೆದುದನ್ನೇ ಹೇಳಿದರೂ ಅಪ್ರಶಸ್ತವೆಂದು ವಿವರಿಸಿದ್ದಾರೆ. ಹಾಗಾದರೆ ಅಧ್ಯಾಯವನ್ನೇ ತೆಗೆಯಬೇಕೆ? ತೆಗೆದರೆ ಗದ್ದೆ ಕಳೆದುಕೊಂಡವರ ಪೀಡೆಯನ್ನು ಮುಚ್ಚಿದಂತಾಗುವುದಿಲ್ಲವೆ? ಸತ್ತವರ ಮಕ್ಕಳೂ ಜೀವಿಗಳು. ಭೂಮಿ ಹೋದವರ ಮಕ್ಕಳೂ ಜೀವಿಗಳು.

ಹಲವು ದಿನ ಯೋಚಿಸಿ ಕಂಡುಕೊಂಡ ದಾರಿ ಇದು. ಕೃತ್ಯವನ್ನು ಉಳಿಸಿದೆ, ಗುರುತನ್ನು ತೆಗೆದೆ. ಪೇಟಾ ಸುತ್ತುವ ಬಗೆ, ಮನೆಯ ಬೀದಿ, ನಗುವಿನ ರೀತಿ ಎಲ್ಲವೂ ಹೋದವು. ಅವು ಹೋದಾಗ ಪಾತ್ರ ಬಡವಾಯಿತು. ಆಗ ಅವನು ಹಾಗೇಕೆ ಮಾಡಿದನೆಂದು ಅವನ ಕಡೆಯಿಂದ ವಿಚಾರಿಸಬೇಕಾಯಿತು: ಅವನಿಗೂ ಮೇಲೊಬ್ಬ ಸಾಲಗಾರ, ಅವನಿಗೂ ಒಂದು ಭಯ. ಅನೇಕಾಂತವೆಂದು ಉಪನ್ಯಾಸಗಳಲ್ಲಿ ನಾವು ಹೇಳುವುದು ಇದನ್ನೇ. ಗುರುತಿನಿಂದ ನಿಂತಿದ್ದ ಪಾತ್ರ ಈಗ ಕಾರಣದಿಂದ ನಿಂತಿದೆ. ಓದುಗನು ಇನ್ನೊಬ್ಬರ ಮನೆಯತ್ತ ಬೆರಳು ತೋರಿಸುವ ಬದಲು ತನ್ನ ಗಲ್ಲಾಪೆಟ್ಟಿಗೆಯತ್ತ ನೋಡಬಹುದು.

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಒಳ್ಳೆಯ ಮಾತು ಸಾವಿರವಾದಂತೆ ನೋಯಿಸುವ ಮಾತೂ ಸಾವಿರವಾಗುತ್ತದೆ. ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಣಿಯಂದು ಎದುರಿಗಿರುವವರ ಕ್ಷಮೆ ಕೇಳಬಹುದು. ಅಚ್ಚಾದ ಪುಸ್ತಕದ ಓದುಗರನ್ನು ಮನೆಮನೆಗೆ ಹುಡುಕಿ ಕೇಳಲಾಗದು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದಕ್ಕೆ ಪ್ರಧಾನ ಸ್ಥಾನ ಕೊಟ್ಟಿದೆ. ತಿಂಗಳಲ್ಲಿ ಬರೆಯುವುದು ಪ್ರಮಾದವಲ್ಲ, ಅದು ಉತ್ಸಾಹ. ಬರೆದುದನ್ನು ಹಿಂದಿರುಗಿ ನೋಡದೆ ಬೇರೆಯವರ ಕೈಗೆ ಕೊಡುವುದು ಪ್ರಮಾದ.

150 ಪುಟಗಳು ಈಗ 118 ಆಗಿವೆ. ಅಚ್ಚಿಗೆ ಕೊಡುವ ಮೊದಲು ಇನ್ನೊಂದು ಚಾತುರ್ಮಾಸ ಕಾಯುವುದೆಂದು ನಿಶ್ಚಯಿಸಿದ್ದೇನೆ.