ನಮ್ಮನಿ ಪಾವ್ ಭಾಜಿ

ಪಾವ್ ಭಾಜಿ ಮುಂಬಯಿ ತಿನಿಸು. ‘ಪಾವ್’ ಅನ್ನೋ ಶಬ್ದ ಪೋರ್ಚುಗೀಸರದು. ಬಟ್ಟೆ ಗಿರಣಿ ಕೆಲಸಗಾರರು ಇದನ್ನು ಬೇಗ ಬೇಗ ತಿಂದು ಪಾಳಿಗೆ ಓಡುತ್ತಿದ್ದರಂತೆ. ನಮ್ಮಜ್ಜನೂ ಅಲ್ಲಿ ಗಿರಣಿಯಲ್ಲಿ ದುಡಿದವನೇ. 1982ರ ಜನವರಿಯಲ್ಲಿ ದೊಡ್ಡ ಮುಷ್ಕರ ಶುರುವಾಯಿತು. ಪಗಾರ ನಿಂತು ಅಜ್ಜ ಊರಿಗೆ ಬಂದ. ಭಾಜಿ ಮಾಡೋದನ್ನ ಅವ್ವನಿಗೆ ಕಲಿಸಿದವನು ಅವನೇ.

ಆಲೂಗಡ್ಡೆ, ಟೊಮೆಟೊ ಬೇಯಿಸಿ ಚೆನ್ನಾಗಿ ಗುದ್ದಬೇಕು. ಹೂಕೋಸು ತುಟ್ಟಿಯಾದರೆ ಅವ್ವ ಬದನೆಕಾಯಿ ಹಾಕುತ್ತಾಳೆ, ಬಟಾಣಿ ಬದಲು ಮಡಕಿಕಾಳು. ನನಗಂತೂ ಬದನೆಕಾಯಿದೇ ರುಚಿ, ತಮ್ಮ ಒಪ್ಪೋದಿಲ್ಲ. ಬೆಣ್ಣೆ ನಮ್ಮ ಎಮ್ಮೆದು, ಅದಕ್ಕೇನು ಕಡಿಮೆ ಇಲ್ಲ. ನಮ್ಮೂರಾಗ ಪಾವ್ ಸಿಗೋದು ಸಂತಿ ದಿನ ಅಷ್ಟೇ. ಉಳಿದ ದಿನ ಬಿಸಿ ಜೋಳದ ರೊಟ್ಟಿ ಮಡಚಿ ನಡುವೆ ಭಾಜಿ ತುಂಬುತ್ತೇವೆ. ಮೊಣಕೈತನಕ ಸೋರುತ್ತದೆ! ಅಂಗಿ ಒಗೆಯೋದು ಅಕ್ಕ, ಹಿಂಗಾಗಿ ಬೈಯೋದೂ ಅವಳೇ.

ಅಜ್ಜನಿಗೆ ಈಗ ಹಲ್ಲಿಲ್ಲ. ರೊಟ್ಟಿ ಆಗೋದಿಲ್ಲ, ಪಾವೇ ಬೇಕು. ಅದನ್ನ ಭಾಜಿಯೊಳಗೆ ನೆನೆಸಿ ಕೊಡುತ್ತೇವೆ. ತಿಂದಾದ ಮೇಲೆ ‘ಗಿರಣಿ ಭೋಂಗಾ ಆಯ್ತೇನೋ?’ ಅಂತ ಕೇಳುತ್ತಾನೆ. ‘ಇನ್ನೂ ಇಲ್ಲ, ಉಣ್ಣಜ್ಜ’ ಅನ್ನುತ್ತೇನೆ.

ಅಪ್ಪನೂ ಈಗ ದುಡಿಯಾಕ ಪುಣೆಗೆ ಹೋಗಿದ್ದಾನೆ. ದೀಪಾವಳಿಗೆ ಬರುತ್ತಾನೆ. ಬರುವಾಗ ಪಾವ್ ತಾ ಅಂತ ಫೋನಿನಲ್ಲಿ ಹೇಳಿದ್ದೇನೆ, ಎರಡು ಡಜನ್.